ಮೀಡಿಯಾಡೈರೆಕ್ಟ್ ಮರುಸ್ಥಾಪನೆ ಮತ್ತು ಡಿಸ್ಕ್ ವಿಭಜನೆ

ಮೀಡಿಯಾಡೈರೆಕ್ಟ್ ಎಂಬುದು 2000ದ ದಶಕದ ಉತ್ತರಾರ್ಧದಲ್ಲಿ ಡೆಲ್ ಕಂಪನಿಯ ಇನ್‌ಸ್ಪಿರಾನ್, ಎಕ್ಸ್‌ಪಿಎಸ್ ಸರಣಿಯ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಅಳವಡಿಸಿ ಬರುತ್ತಿದ್ದ ತಂತ್ರಾಂಶ. ವಿಂಡೋಸ್ ತೆರೆದುಕೊಳ್ಳುವವರೆಗೆ ಕಾಯದೆ, ಒಂದು ಪ್ರತ್ಯೇಕ ಗುಂಡಿ ಒತ್ತಿ ಡಿವಿಡಿ ನೋಡಬಹುದಿತ್ತು, ಹಾಡು ಕೇಳಬಹುದಿತ್ತು. ಇದಕ್ಕೆಂದೇ ಹಾರ್ಡ್ ಡಿಸ್ಕ್‌ನಲ್ಲಿ ಬೇರೆ ಜಾಗ ಮೀಸಲಿರುತ್ತಿತ್ತು.

ಇದರ ಮರುಸ್ಥಾಪನೆಯಲ್ಲಿ ಕ್ರಮವೇ ಮುಖ್ಯ. ಮೊದಲು ಮೀಡಿಯಾಡೈರೆಕ್ಟ್ ಸಿ.ಡಿ.ಯಿಂದ ಬೂಟ್ ಮಾಡಿ ವಿಭಾಗಗಳನ್ನು ಮಾಡಿಸಬೇಕು. ಹಳೆಯ ಕಡತಗಳೆಲ್ಲ ಆಗಲೇ ಅಳಿಸಿಹೋಗುತ್ತವೆ. ನಂತರ ವಿಂಡೋಸ್, ಡ್ರೈವರ್‌ಗಳು. ಕೊನೆಗೆ ವಿಂಡೋಸ್ ಒಳಗಿನಿಂದ ಅದೇ ಸಿ.ಡಿ. ಇನ್ನೊಮ್ಮೆ.

ವಿಂಡೋಸನ್ನೇ ಮೊದಲು ಹಾಕಿ ಇಡೀ ಡಿಸ್ಕ್ ಅದಕ್ಕೆ ಬಿಟ್ಟುಕೊಟ್ಟರೆ ಮೀಡಿಯಾಡೈರೆಕ್ಟ್‌ಗೆ ಜಾಗ ಸಿಗದಿರುವುದಷ್ಟೇ ತೊಂದರೆಯಲ್ಲ. ಈ ಲ್ಯಾಪ್‌ಟಾಪ್‌ಗಳಲ್ಲಿ ಮುಖ್ಯ ವಿಭಾಗಗಳ ವಿವರವೆಲ್ಲ ಡಿಸ್ಕ್‌ನ ಮೊದಲ ಸೆಕ್ಟರಿನ 512 ಬೈಟ್‌ಗಳ ಪೈಕಿ ಕೇವಲ 64ರಲ್ಲಿರುತ್ತಿತ್ತು: ತಲಾ 16 ಬೈಟ್‌ನ ನಾಲ್ಕು ದಾಖಲೆಗಳು. ಅಭ್ಯಾಸಬಲದಿಂದ ಮೀಡಿಯಾಡೈರೆಕ್ಟ್ ಗುಂಡಿ ಒತ್ತಿದಾಗ ಈ ಪಟ್ಟಿ ತಿದ್ದಿಹೋಗಿ, ವಿಂಡೋಸ್ ಮತ್ತೆ ತೆರೆಯದೇ ಹೋದದ್ದುಂಟು. ಬಳಕೆದಾರರ ಕೈಗೆ ಇಂಥ ಗುಂಡಿ ಕೊಟ್ಟದ್ದು ವಿನ್ಯಾಸದ ದೊಡ್ಡ ದೋಷವೇ ಸರಿ. ಪಟ್ಟಿ ಕೆಟ್ಟರೂ ಕಡತಗಳು ಬಹುಪಾಲು ಡಿಸ್ಕ್‌ನಲ್ಲೇ ಉಳಿದಿರುತ್ತವೆ. ಆದ್ದರಿಂದ ಅಂಥ ಯಂತ್ರವನ್ನು ಗಡಿಬಿಡಿಯಲ್ಲಿ ಫಾರ್ಮ್ಯಾಟ್ ಮಾಡದೆ, ಮೊದಲು ಟೆಸ್ಟ್‌ಡಿಸ್ಕ್‌ನಂಥ ಉಚಿತ ಸಾಧನದಿಂದ ಪಟ್ಟಿಯನ್ನು ಮರಳಿ ಕಟ್ಟಲು ಯತ್ನಿಸಬೇಕು.