ಎದೆಮೂಳೆಯ ಹಿಂದಿನ ಗಡ್ಡೆ, ದವಾಖಾನೆಯ ದಾರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಆಪರೇಷನ್ ಎಂದರೆ ಒಂದು ಕಾಲಕ್ಕೆ ನೆನಪಾಗುತ್ತಿದ್ದ ಊರು ಮಿರಜ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಈ ನಾಲ್ಕೂ ಊರಿಗೆ ರೈಲಿಲ್ಲ. ಚಕ್ಕಡಿ ಹೂಡಿಕೊಂಡು ಬೆಳಗಾವಿಗೋ ಧಾರವಾಡಕ್ಕೋ ಬಂದು ಗಾಡಿ ಹಿಡಿಯಬೇಕಿತ್ತು.

ಮಿರಜದಲ್ಲಿ ಕಣ್ಣಿನ ಪೊರೆ ತೆಗೆಯುತ್ತಿದ್ದರು, ಹೊಟ್ಟೆ ಕೊಯ್ಯುತ್ತಿದ್ದರು. ಎದೆಗೂಡಿನ ಮಾತು ಬೇರೆ. ಅದನ್ನು ತೆರೆದರೆ ಶ್ವಾಸಕೋಶ ಕುಗ್ಗುತ್ತದೆ. ಗಂಟಲಿಗೆ ನಳಿಕೆ ಇಳಿಸಿ ಉಸಿರಾಡಿಸುವ ವಿದ್ಯೆ ಬೆಳೆಯುವವರೆಗೆ ಜಗತ್ತಿನ ಯಾವ ಊರಿನಲ್ಲೂ ಅದು ಸುಲಭವಿರಲಿಲ್ಲ.

ಥೈಮಸ್ ಗ್ರಂಥಿ ಇರುವುದು ಅಲ್ಲೇ, ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ. ಅದರಲ್ಲಿ ಗಡ್ಡೆ ಬೆಳೆದವರ ಪೈಕಿ ಸುಮಾರು ಮೂರರಲ್ಲೊಬ್ಬರಿಗೆ ಮಯಸ್ತೇನಿಯಾ ಎಂಬ ಸ್ನಾಯುಗಳ ಕಾಯಿಲೆಯೂ ಇರುತ್ತದೆ. ಮುಂಜಾನೆ ಹೊಲಕ್ಕೆ ಹೋದಾಗ ಗಟ್ಟಿಯಾಗಿದ್ದ ಹೆಣ್ಣುಮಗಳಿಗೆ ಸಂಜೆ ಹೊತ್ತಿಗೆ ರೆಪ್ಪೆ ಜೋತು ಬೀಳುತ್ತದೆ, ಒಂದು ದೀಪ ಎರಡಾಗಿ ಕಾಣುತ್ತದೆ. ಜೋಳದ ರೊಟ್ಟಿ ಅಗಿಯುತ್ತ ಅಗಿಯುತ್ತ ದವಡೆ ಸೋಲುತ್ತದೆ. ತುಸು ಮಲಗಿ ಎದ್ದರೆ ಮತ್ತೆ ಬಲ ಬರುತ್ತದೆ. ಹೀಗಾಗಿ ಇದನ್ನು ಬರೀ ದಣಿವೆಂದು ತಳ್ಳಿಹಾಕುವುದು ಸುಲಭ.

1936ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆಲ್ಫ್ರೆಡ್ ಬ್ಲಲಾಕ್ ಇಂಥ ಯುವತಿಯೊಬ್ಬಳ ಎದೆಮೂಳೆ ಸೀಳಿ ಗಡ್ಡೆ ತೆಗೆದರು, ಆಕೆ ಚೇತರಿಸಿಕೊಂಡಳು. 1939ರಲ್ಲಿ ವರದಿ ಅಚ್ಚಾದ ಮೇಲೆ ಈ ಶಸ್ತ್ರಚಿಕಿತ್ಸೆಗೆ ಧೈರ್ಯ ಬಂತು. ಲಂಡನ್ನಿನಲ್ಲಿ ಜೆಫ್ರಿ ಕೇನ್ಸ್ ಅದನ್ನು ಮುಂದುವರಿಸಿದರು.

ನಮ್ಮ ಸೀಮೆಗೆ ದಾರಿ ಹತ್ತಿರವಾದದ್ದು ಅದಾಗಿ ಎರಡು ದಶಕಗಳ ಮೇಲೆ. 1957ರಲ್ಲಿ ಹುಬ್ಬಳ್ಳಿಗೆ, 1963ರಲ್ಲಿ ಕೆಎಲ್‌ಇ ಸಂಸ್ಥೆಯಿಂದ ಬೆಳಗಾವಿಗೆ ಮೆಡಿಕಲ್ ಕಾಲೇಜು ಬಂತು. ಕಿತ್ತೂರು ಈ ಎರಡು ಊರುಗಳ ನಡುವಿನ ಹೆದ್ದಾರಿಯಲ್ಲೇ ಇದೆ. ರಾಮದುರ್ಗಕ್ಕೆ ಎರಡೂ ದೂರವೇ.

ಫಲಿತಾಂಶದ ಲೆಕ್ಕ ಸ್ಪಷ್ಟವಾದದ್ದು ಜಪಾನಿನ ಮಸಾವೋಕ 1981ರಲ್ಲಿ ರೋಗವನ್ನು ಹಂತಗಳಾಗಿ ವಿಂಗಡಿಸಿದಾಗ. ಗಡ್ಡೆ ತನ್ನ ಪೊರೆಯೊಳಗೇ ಇದ್ದು, ಚೂರೂ ಉಳಿಯದಂತೆ ತೆಗೆದರೆ ಹತ್ತು ವರ್ಷ ದಾಟಿ ಬದುಕುವವರೇ ಬಹುಪಾಲು. ಪೊರೆ ಹರಿದು ದೊಡ್ಡ ರಕ್ತನಾಳಗಳಿಗೋ ಶ್ವಾಸಕೋಶಕ್ಕೋ ಅಂಟಿಕೊಂಡರೆ ಕಷ್ಟ ಹೆಚ್ಚು. ಆಪರೇಷನ್ ಜೊತೆಗೆ ವಿಕಿರಣ, ಕಿಮೊ ಬೇಕಾಗಬಹುದು. ಮಯಸ್ತೇನಿಯಾ ಮಾತ್ರ ಗಡ್ಡೆ ಹೋದ ಮರುದಿನವೇ ಬಿಡುವುದಿಲ್ಲ. ಗುಳಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ.

ಈ ಗಡ್ಡೆ ಹತ್ತು ವರ್ಷದ ನಂತರವೂ ಮರುಕಳಿಸಬಲ್ಲದು, ಆದ್ದರಿಂದ ಸ್ಕ್ಯಾನ್ ತಪ್ಪುವಂತಿಲ್ಲ. ರಾಮದುರ್ಗ, ಸವದತ್ತಿಯ ಕೂಲಿಕಾರರಿಗೆ ಆಪರೇಷನ್ನಿಗಿಂತ ಇದೇ ಭಾರ: ಪ್ರತಿ ಸಲ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ. ತಾಲೂಕು ಆಸ್ಪತ್ರೆಯಲ್ಲೇ ಸ್ಕ್ಯಾನ್ ಮಾಡಿ ಚಿತ್ರವನ್ನು ಬೆಳಗಾವಿಯ ಸರ್ಜನ್‌ಗೆ ಕಳಿಸಿಕೊಟ್ಟರೆ ಆ ಪ್ರಯಾಣವೇ ಉಳಿಯುತ್ತದೆ.