ಬೆಳಕಿನಿಂದ ಮೂಡುವ ಅಕ್ಷರ

ನಮ್ಮ ಪ್ರಾಚೀನ ಗ್ರಂಥಗಳ ಕಾಲ, ಕರ್ತೃ, ಪಾಠಗಳನ್ನು ಕುರಿತು ಚರ್ಚೆ ವಿಪುಲವಾಗಿ ನಡೆದಿದೆ. ಅವನ್ನು ಬರೆದ ಮಸಿಯ ವಿಚಾರ ನಡೆದುದು ಸ್ವಲ್ಪವೇ. ಬರೆದಾಗ ಕಾಣದೆ, ಸಾಮಾನ್ಯವಾದ ಹಗಲ ಬೆಳಕು ತಾಗಿದ ಬಳಿಕ ಕಾಣುವ ಗುಪ್ತಮಸಿಯೆಂಬುದೊಂದುಂಟು. ಅದಕ್ಕೂ ನಮ್ಮ ಓಲೆಯ ಬರಹಕ್ಕೂ ಸಾಮ್ಯವೆಷ್ಟು, ಭೇದವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಉದಾಹರಣೆಗೆ ತುಮಕೂರು ಸೀಮೆಯನ್ನೇ ತೆಗೆದುಕೊಳ್ಳಬಹುದು. ತುಮಕೂರಿಗೆ ಸಮೀಪದ ಗೂಳೂರಿನ ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆ, ಗುಬ್ಬಿಯ ಮಲ್ಲಣಾರ್ಯನ ಭಾವಚಿಂತಾರತ್ನ (ಕ್ರಿ. ಶ. 1513), ಕುಣಿಗಲು ಸೀಮೆಯ ಎಡೆಯೂರಿನಲ್ಲಿ ನೆಲಸಿದ ತೋಂಟದ ಸಿದ್ಧಲಿಂಗಯತಿಗಳ ಷಟ್‌ಸ್ಥಲಜ್ಞಾನಸಾರಾಮೃತ, ಇವೆಲ್ಲವೂ ಓಲೆಗಳ ಮೂಲಕವೇ ನಮ್ಮವರೆಗೆ ಬಂದವು. ಕಂಠದಿಂದ ಕೊರೆದ ಅಕ್ಷರಕ್ಕೆ ಸ್ವಂತದ ಬಣ್ಣವಿಲ್ಲ. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಓಲೆಗೆ ತೀಡಿ, ಬಟ್ಟೆಯಿಂದ ಒರಸಿದರೆ ಕಪ್ಪು ಗೀರುಗಳಲ್ಲಿ ಮಾತ್ರ ಉಳಿದು ಅಕ್ಷರವು ಸ್ಫುಟವಾಗುತ್ತದೆ. ಕಪ್ಪು ತೀಡದ ಓಲೆಯನ್ನು ಓರೆಬೆಳಕಿನಲ್ಲಿ ಹಿಡಿದರೆ ಗೀರುಗಳ ನೆರಳಿನಿಂದಲೇ ಪಾಠವನ್ನು ಓದಲು ಸಾಧ್ಯ. ಆದರೆ ಅಲ್ಲಿ ಬೆಳಕು ಕಣ್ಣಿಗೆ ಸಹಾಯಮಾಡುವುದೇ ಹೊರತು ಓಲೆಯಲ್ಲಿ ಯಾವ ವಿಕಾರವನ್ನೂ ಉಂಟುಮಾಡುವುದಿಲ್ಲ. ಆದುದರಿಂದ ಓಲೆಯ ಬರಹವನ್ನು ಗುಪ್ತಮಸಿಯ ಪೂರ್ವರೂಪವೆಂದು ಅಭಿಮಾನದಿಂದ ಹೇಳುವುದು ಯುಕ್ತವಲ್ಲ.

ಬೆಳಕೇ ಕಪ್ಪನ್ನು ಹುಟ್ಟಿಸುವ ಗುಣವು ಬೆಳ್ಳಿಯ ಲವಣಗಳಿಗೆ ಸೇರಿದುದು. 18ನೆಯ ಶತಮಾನದ ಪೂರ್ವಾರ್ಧದಲ್ಲಿ ಜರ್ಮನಿಯ ಷುಲ್ಟ್ಸೆ ಎಂಬ ವಿದ್ವಾಂಸನು ಬೆಳ್ಳಿ ಬೆರೆತ ಸೀಮೆಸುಣ್ಣದ ದ್ರವವನ್ನು ಸೀಸೆಯಲ್ಲಿಟ್ಟು, ಅಕ್ಷರಗಳನ್ನು ಕತ್ತರಿಸಿದ ಕಾಗದವನ್ನು ಅದಕ್ಕೆ ಸುತ್ತಿ ಬಿಸಿಲಿನಲ್ಲಿಟ್ಟನು. ಬೆಳಕು ಹೊಕ್ಕಲ್ಲಿ ಮಾತ್ರ ಕಪ್ಪಾದ ಅಕ್ಷರಗಳು ಮೂಡಿದುವು. ಬೆಂಕಿಯ ಕಾವಿನಿಂದ ಹಾಗಾಗಲಿಲ್ಲವಾಗಿ, ಕಾರಣವು ಬೆಳಕೇ ಹೊರತು ಶಾಖವಲ್ಲವೆಂದು ನಿರ್ಣಯವಾಯಿತು. 1737ರಲ್ಲಿ ಫ್ರಾನ್ಸಿನ ಎಲ್ಲೋ ಎಂಬ ರಸಾಯನಜ್ಞನು ಗುಪ್ತಮಸಿಗಳನ್ನು ಕುರಿತು ಬರೆಯುತ್ತ, ಬೆಳ್ಳಿಯ ತೆಳುದ್ರಾವಣದ ಬರಹವು ಕತ್ತಲೆಯಲ್ಲಿ ಅಡಗಿದ್ದು ಬಿಸಿಲಿನಲ್ಲಿ ಕಪ್ಪಾಗುವುದನ್ನು ವಿವರಿಸಿದನು.

ಈ ಗುಣದ ಅತ್ಯಂತ ಪ್ರಸಿದ್ಧವಾದ ಉಪಯೋಗವು ಕನ್ನಡನಾಡಿನಲ್ಲಿಯೇ ಸಿದ್ಧವಾಗುತ್ತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಮೂರನೆಯ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಮಸಿಯನ್ನು ಒದಗಿಸುತ್ತ ಬಂದಿದೆ. ಮಸಿಯಲ್ಲಿರುವ ಬೆಳ್ಳಿಯ ನೈಟ್ರೇಟು ಚರ್ಮದ ಉಪ್ಪಿನೊಡನೆ ಸೇರಿ ಕ್ಲೋರೈಡಾಗುತ್ತದೆ. ಬೆಳಕು ತಾಗಿದಂತೆ ಅದು ಕಪ್ಪಾಗಿ, ತೊಳೆದರೂ ಹೋಗದೆ ನಿಲ್ಲುತ್ತದೆ. ಹಚ್ಚಿದೊಡನೆ ಗುರುತು ಕಾಣಲೆಂದು ಬಣ್ಣವನ್ನೂ ಕೂಡಿಸಿರುವುದರಿಂದ ಇದನ್ನು ಗುಪ್ತಮಸಿಯೆನ್ನಲಾಗದು. ಆದರೂ ಇದರ ಸ್ಥಿರತೆಗೆ ಮೂಲ ಎಲ್ಲೋ ಕಂಡ ಆ ಗುಣವೇ. ಮಲ್ಲಣಾರ್ಯನ ಗುಬ್ಬಿಯಲ್ಲಿಯೂ ಎಡೆಯೂರಿನ ಕುಣಿಗಲಿನಲ್ಲಿಯೂ ಇಂದು ಮತವಿತ್ತವರ ತೋರುಬೆರಳಿನ ಮೇಲೆ ಬೆಳಕು ಬರೆಯುವ ಬರಹವಿದು.

ಉಗುರಿನ ಗುರುತು ಉಗುರು ಬೆಳೆದಂತೆ ಅಳಿಯುತ್ತದೆ. ಅಳಿಯುವುದೇ ಅದಕ್ಕೆ ಉಚಿತ. ಓಲೆಯ ಅಕ್ಷರಕ್ಕೆ ಹಾಗಲ್ಲ. ಕಪ್ಪು ಕಳೆದುಹೋದ ಓಲೆಯನ್ನು ಬರಿದೆಂದು ಬಿಸುಟರೆ ಕೊರೆದಿದ್ದ ಪಾಠವೂ ಅದರೊಡನೆ ನಾಶವಾಗುತ್ತದೆ. ಆದುದರಿಂದ ಗ್ರಂಥಸಂಪಾದಕರೂ ಅಧ್ಯಾಪಕರೂ ಇಂತಹ ಓಲೆ ಕೈಗೆ ಬಂದಾಗ, ಅದನ್ನು ಒಮ್ಮೆ ಓರೆಬೆಳಕಿಗೆ ಹಿಡಿದು ನೋಡದೆ ಬರಿಯ ಓಲೆಯೆಂದು ನಿರ್ಣಯಿಸಬಾರದೆಂಬುದೇ ನಮ್ಮ ವಿಜ್ಞಾಪನೆ.