‘34 ಕೊಡಿ’ ಅಂದರೆ ಸಾಲದು: ಬ್ರಾಗಳಲ್ಲಿ ಎಷ್ಟು ಬಗೆ, ಯಾವುದು ಯಾವಾಗ?

ನಮ್ಮ ಅಂಜನಾಪುರದ ಹಿರಿಯ ಹೆಂಗಸರಿಗೆ ಅದು ಇವತ್ತಿಗೂ ‘ಬಾಡಿ’. ನನ್ನ ವಾರಿಗೆಯವರಿಗೆ ಬ್ರಾ. ಹೆಸರು ಬದಲಾದರೂ ಕೊಳ್ಳುವ ರೀತಿ ಬದಲಾಗಿಲ್ಲ. ಶಿಕಾರಿಪುರದ ಅಂಗಡಿಯಲ್ಲಿ ಗಂಡಸರು ನಿಂತಿದ್ದರೆ ಮೆಲ್ಲಗೆ ‘34’ ಅಂತೀವಿ, ಪೇಪರಿನಲ್ಲಿ ಸುತ್ತಿ ಕೊಡ್ತಾರೆ, ಬ್ಯಾಗಿಗೆ ತುರುಕಿ ಬಸ್ ಹತ್ತೀವಿ. ಕೇಳುವಂತಿಲ್ಲ, ಹಾಕಿ ನೋಡುವಂತಿಲ್ಲ. ಈ ನಾಚಿಕೆಯ ಬೆಲೆ ತೆರುವುದು ನಮ್ಮ ಹೆಗಲು, ಬೆನ್ನು.

ಅಳತೆ ಅಂದರೆ ಎರಡು ಸಂಗತಿ

34 ಅನ್ನುವುದು ಪಟ್ಟಿಯ ಅಳತೆ ಮಾತ್ರ. ಅದರ ಪಕ್ಕದ ಅಕ್ಷರ ಕಪ್ಪಿನದು. ಸ್ತನದ ಕೆಳಗೆ ಒಮ್ಮೆ, ತುಂಬಿದ ಭಾಗದ ಮೇಲೆ ಒಮ್ಮೆ ಟೇಪು ಹಿಡಿಯಿರಿ. ವ್ಯತ್ಯಾಸ 1 ಇಂಚಾದರೆ ಎ, 2 ಆದರೆ ಬಿ, 3 ಆದರೆ ಸಿ, 4 ಆದರೆ ಡಿ. ಕೆಲವು ಕಂಪನಿಗಳು ಕೆಳಗಿನ ಅಳತೆಗೆ ಒಂದಿಷ್ಟು ಇಂಚು ಸೇರಿಸಿ ನಂಬರ್ ಕೊಡುತ್ತವೆ, ಹಾಗಾಗಿ ಅವರ ಪಟ್ಟಿಯನ್ನೂ ನೋಡಿ.

ಭಾರದ ಬಹುಪಾಲು ಹೊರುವುದು ಸುತ್ತಿನ ಪಟ್ಟಿ, ಹೆಗಲ ಪಟ್ಟಿಯಲ್ಲ. ಹೆಗಲಲ್ಲಿ ಗೀರು ಬಿದ್ದರೆ, ಬೆನ್ನ ಹಿಂದೆ ಪಟ್ಟಿ ಮೇಲೇರಿದರೆ ಸುತ್ತಳತೆ ಸಡಿಲ ಅಂತ ಅರ್ಥ. ಪಟ್ಟಿಯ ಕೆಳಗೆ ಎರಡು ಬೆರಳು ತೂರಿದರೆ ಸರಿ. ಹೊಸದನ್ನು ಕೊನೆಯ, ಅಂದರೆ ಸಡಿಲದ ಹುಕ್ಕಿಗೆ ಹಾಕಿ. ಎಲಾಸ್ಟಿಕ್ ಸೋತಂತೆ ಒಳಗಿನ ಹುಕ್ಕಿಗೆ ಬನ್ನಿ. 34ಬಿ ಸಿಗದಿದ್ದರೆ 32ಸಿ ಅಥವಾ 36ಎ ನೋಡಬಹುದು. ಕಪ್ಪಿನ ಗಾತ್ರ ಹೆಚ್ಚೂಕಮ್ಮಿ ಒಂದೇ.

ಬಗೆಗಳು

*ಸಾದಾ ಹತ್ತಿ ಬ್ರಾ:* ಪ್ಯಾಡ್ ಇಲ್ಲ, ಬೆವರು ಹೀರುತ್ತದೆ. ಗದ್ದೆ ನಾಟಿಗೆ, ಅಡಿಕೆ ಸುಲಿಯಲು ದಿನವಿಡೀ ಕೂರುವವರಿಗೆ ಇದೇ ಹಿತ.

*ಟೀ ಶರ್ಟ್ ಬ್ರಾ:* ಅಚ್ಚಿನಲ್ಲಿ ತೆಗೆದ ಕಪ್ಪು, ಹೊಲಿಗೆ ಕಾಣದು. ತೆಳು ಬಟ್ಟೆಗೆ ಸರಿ.

*ತಂತಿ ಇರುವುದು:* ಕಪ್ಪಿನ ಕೆಳಗೆ ಬಾಗಿದ ತಂತಿ, ಹೆಚ್ಚು ಆಧಾರ. ಚುಚ್ಚಿದರೆ ಅಳತೆ ತಪ್ಪಿದೆ.

*ಫುಲ್ ಕವರೇಜ್, ಬಾಲ್ಕನೆಟ್, ಪ್ಲಂಜ್:* ಮೊದಲನೆಯದು ಪೂರ್ತಿ ಮುಚ್ಚುತ್ತದೆ, ಎರಡನೆಯದರ ಮೇಲಂಚು ಅಡ್ಡಕ್ಕೆ ನೇರ, ಮೂರನೆಯದು ನಡುವೆ ಆಳ. ರವಿಕೆಯ ಕತ್ತು ನೋಡಿ ಆರಿಸಿ.

*ಸ್ಪೋರ್ಟ್ಸ್ ಬ್ರಾ:* 1977ರಲ್ಲಿ ಅಮೆರಿಕದ ಮೂವರು ಹೆಂಗಸರು ಗಂಡಸರ ಎರಡು ಜಾಕ್‌ಸ್ಟ್ರಾಪ್ ಸೇರಿಸಿ ಹೊಲಿದ ಮಾದರಿಯಿಂದ ಶುರುವಾಯ್ತು. ಯೋಗಕ್ಕೆ ಒತ್ತಿ ಹಿಡಿಯುವ ಬಗೆ ಸಾಕು. ಓಟ, ಕಬಡ್ಡಿಗೆ ಎರಡೂ ಕಡೆ ಬೇರೆ ಬೇರೆ ಕಪ್ಪಿರುವುದು ಒಳ್ಳೆಯದು, ಅದರಲ್ಲೂ ಮೈ ತುಂಬಿದವರಿಗೆ.

*ನರ್ಸಿಂಗ್ ಬ್ರಾ:* ಕೊಂಡಿ ತೆಗೆದರೆ ಕಪ್ಪು ಕೆಳಗಿಳಿಯುತ್ತದೆ, ಹಾಲೂಡಿಸಲು ಸಲೀಸು.

*ಜೇಬಿರುವುದು:* ಕ್ಯಾನ್ಸರಿನಿಂದ ಸ್ತನ ತೆಗೆಸಿಕೊಂಡವರು ಕೃತಕ ಸ್ತನ ಇಟ್ಟುಕೊಳ್ಳಲು.

ಬ್ರಾ ಹಾಕಿದರೆ ಕ್ಯಾನ್ಸರ್ ಬರುತ್ತೆ ಅನ್ನುವ ವಾಟ್ಸಾಪ್ ಮಾತಿಗೆ ಆಧಾರವಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಂಥ ನಂಟು ಸಿಗಲಿಲ್ಲ.

ಯಾರ ತೀರ್ಮಾನ?

ಹೆಣ್ಣು ಮೈಮೇಲೆ ಏನು ತೊಡಬೇಕು ಅನ್ನುವುದು ಯಾವತ್ತೂ ರಾಜಕೀಯವೇ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯ್ತು. 1859ರಲ್ಲಿ ಅನುಮತಿ ಸಿಕ್ಕಿತು, ಆದರೆ ಮೇಲ್ಜಾತಿಯವರಂತೆ ತೊಡಬಾರದು ಎಂಬ ಷರತ್ತಿನೊಂದಿಗೆ. ಇತ್ತ ನಮ್ಮದೇ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಉಡುಗೆಯನ್ನೇ ತೊರೆದು ನಡೆದಳು. ಒಬ್ಬರದು ತೊಡುವ ಹಕ್ಕು, ಇನ್ನೊಬ್ಬಳದು ಬಿಡುವ ಹಕ್ಕು. ಎರಡರಲ್ಲೂ ತೀರ್ಮಾನ ಆಕೆಯದೇ. ಬ್ರಾ ಬೇಡ ಅನ್ನಿಸಿದರೆ ಹಾಕದಿರುವುದೂ ಅಷ್ಟೇ ಸರಿ.

ಕೊನೆಗೊಂದು ಮಾತು. ಮಲೆನಾಡ ಸೆರಗಿನ ಈ ಮಳೆಯಲ್ಲಿ ಟವೆಲ್ ಕೆಳಗೆ ಬಚ್ಚಿಟ್ಟ ಬ್ರಾ ಒಣಗೋದಿಲ್ಲ. ಹಸಿ ಬಟ್ಟೆ, ಬೆವರು ಸೇರಿದರೆ ಸ್ತನದ ಕೆಳಗೆ ಫಂಗಸ್, ತುರಿಕೆ. ನೋಡುವವರು ನೋಡಲಿ, ಬಿಸಿಲಿಗೆ ಹಾಕಿ.